ಬೀಗರ ವಂಶಾವಳಿ: ಪ್ಯಾರಿಷ್ ರಿಜಿಸ್ಟರು ಮತ್ತು ಉಯಿಲುಗಳ ನಡುವೆ ನನ್ನ ಅನುಭವ

ತಾಲ್ಲೂಕು ಕಚೇರಿಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದ ನನಗೆ ಇಂಗ್ಲೆಂಡಿನ ಕುಟುಂಬವೊಂದರ ಪೂರ್ವಜರನ್ನು ಹುಡುಕುವ ಕೆಲಸ ಬಂದದ್ದು ಮಗಳ ಮದುವೆಯಿಂದಾಗಿ. ಅಳಿಯನ ಮನೆತನ ಪೂರ್ವ ಇಂಗ್ಲೆಂಡಿನ ಸಫೋಕ್ ಕೌಂಟಿಯದು. ತಮ್ಮ ಮುತ್ತಜ್ಜನ ಹೆಸರಿಗಿಂತ ಹಿಂದಿನದೇನೂ ತಿಳಿಯದ ಬೀಗರು, ನನಗೆ ಹಳೆಯ ಕಾಗದಪತ್ರಗಳನ್ನು ಓದುವ ಅಭ್ಯಾಸವಿದೆ ಎಂದು ಕೇಳಿ, ಬಿಡುವಿದ್ದಾಗ ಹುಡುಕಿಕೊಡಬಹುದೇ ಎಂದರು. ಮನೆತನದ ಉಪನಾಮವನ್ನು ಇಲ್ಲಿ ಬರೆಯುವುದಿಲ್ಲ; ಹುಡುಕಿದ ಕ್ರಮವನ್ನಷ್ಟೇ ಹೇಳುತ್ತೇನೆ. ಒಂದು ಹೆಸರು ಒಂದು ದಾಖಲೆಯಲ್ಲಿ ಸಿಕ್ಕಿದೊಡನೆ ತೃಪ್ತನಾಗದೆ, ಅದೇ ಮನುಷ್ಯ ಬೇರೊಂದು ಉದ್ದೇಶಕ್ಕೆ ಬರೆದ ಇನ್ನೊಂದು ದಾಖಲೆಯಲ್ಲಿ ಕಾಣುತ್ತಾನೆಯೇ ಎಂದು ನೋಡುವುದು ಕಚೇರಿ ಕಲಿಸಿದ ಅಭ್ಯಾಸ. ಇಡೀ ಕೆಲಸ ನಿಂತದ್ದು ಅದರ ಮೇಲೆಯೇ.

ಇಂದಿನಿಂದ ಹಿಂದಕ್ಕೆ 1837ರ ಜುಲೈವರೆಗೆ ಹೋಗುವುದು ಕಷ್ಟವಲ್ಲ. ಸರ್ಕಾರಿ ಜನನ-ಮರಣ ನೋಂದಣಿ ಆರಂಭವಾದದ್ದು ಆಗ. ಅಲ್ಲಿಂದೀಚಿನ ವಿವಾಹ ಪ್ರಮಾಣಪತ್ರಗಳಲ್ಲಿ ವಧೂವರರಿಬ್ಬರ ತಂದೆಯ ಹೆಸರೂ ಕಸುಬೂ ಇರುತ್ತವೆ. ಅದಕ್ಕೆ ಜನಗಣತಿಯನ್ನು ಜೋಡಿಸಬೇಕು. 1841ರ ಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದಿರುವುದರಿಂದ ಅದನ್ನು ಹೆಚ್ಚು ನಂಬುವಂತಿಲ್ಲ. 1851ರದು ಹುಟ್ಟಿದ ಪ್ಯಾರಿಷ್‌ನ, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರಿನ, ಹೆಸರನ್ನೇ ಹೇಳುತ್ತದೆ. ನನಗೆ ಮೂಲ ಹಳ್ಳಿ ಸಿಕ್ಕಿದ್ದು ಅಲ್ಲಿಯೇ. ಪಶ್ಚಿಮ ಸಫೋಕ್‌ನ ಆ ಸಣ್ಣ ಹಳ್ಳಿಯ ಚರ್ಚಿನ ರಿಜಿಸ್ಟರುಗಳು ನಾನು ಹುಡುಕಿದಾಗ ಬರಿ ಸೇಂಟ್ ಎಡ್ಮಂಡ್ಸ್ ಪಟ್ಟಣದ ದಾಖಲೆ ಕೇಂದ್ರದಲ್ಲಿದ್ದವು. 1813ರಿಂದ ದೀಕ್ಷಾಸ್ನಾನಕ್ಕೆ ಅಚ್ಚು ಹಾಕಿದ ಫಾರಂ ಬಂದಿತ್ತು. ತಂದೆತಾಯಿಯರ ಹೆಸರು, ವಾಸದ ಊರು, ತಂದೆಯ ಕಸುಬು ಎಲ್ಲಕ್ಕೂ ಅಂಕಣಗಳಿವೆ. ನಮ್ಮ ಬೀಗರ ಹಿರಿಯನೊಬ್ಬ ಅಲ್ಲಿ 1814ರಲ್ಲಿ ತನ್ನ ಕಿರಿಯ ಮಗುವಿನ ದೀಕ್ಷಾಸ್ನಾನದ ಸಾಲಿನಲ್ಲಿ ಕಾಣಿಸಿಕೊಳ್ಳುತ್ತಾನೆ: ವಿಲಿಯಂ, ಗಾಡಿಯ ಗಾಲಿ ಮಾಡುವ ಬಡಗಿ.

ತೊಡಕು ಆರಂಭವಾದದ್ದು ಅದರ ಹಿಂದೆ. 1813ಕ್ಕೆ ಮೊದಲಿನ ರಿಜಿಸ್ಟರು ಪಾದ್ರಿ ಖಾಲಿ ಪುಟದ ಮೇಲೆ ತನಗೆ ತೋಚಿದಂತೆ ಬರೆದ ಪುಸ್ತಕ. ಯಾರ್ಕ್‌ಶೈರಿನ ವಿಲಿಯಂ ಡೇಡ್ ಎಂಬ ಪಾದ್ರಿಯ ಮಾದರಿಯನ್ನು ಅನುಸರಿಸಿದ ಪ್ಯಾರಿಷ್‌ಗಳಲ್ಲಿ 1770ರ ದಶಕದಿಂದ ಮಗುವಿನ ಅಜ್ಜ-ಅಜ್ಜಿಯರ ಹೆಸರೂ ಸಿಗುತ್ತದಂತೆ; ಸಫೋಕ್‌ನ ನಮ್ಮ ಪಾದ್ರಿಗೆ ಅಷ್ಟು ವ್ಯವಧಾನವಿರಲಿಲ್ಲ. ‘ವಿಲಿಯಂ, ಜಾನ್ ಮತ್ತು ಮೇರಿಯ ಮಗ’ ಎಂದು 1768ರಲ್ಲಿ ಒಂದು ಸಾಲು, ‘ವಿಲಿಯಂ, ಜಾನ್ ಮತ್ತು ಆನ್‌ಳ ಮಗ’ ಎಂದು 1771ರಲ್ಲಿ ಇನ್ನೊಂದು. ಉಪನಾಮ ಒಂದೇ, ಪ್ಯಾರಿಷ್ ಒಂದೇ. ಶವಸಂಸ್ಕಾರದ ಪುಟಗಳನ್ನು ಮೊದಲು ನೋಡಿದೆ. ಶಿಶುಮರಣ ಹೆಚ್ಚಿದ್ದ ಕಾಲದಲ್ಲಿ ಇಬ್ಬರಲ್ಲಿ ಒಬ್ಬ ಬಾಲ್ಯದಲ್ಲೇ ತೀರಿಕೊಂಡಿದ್ದರೆ ಪ್ರಶ್ನೆ ಅಲ್ಲಿಗೇ ಮುಗಿಯುತ್ತದೆ. ಈ ಪರೀಕ್ಷೆಯನ್ನು ಬಿಟ್ಟವರು ಎಂದೋ ಹೂಳಲ್ಪಟ್ಟ ಮಗುವಿಗೆ ಮದುವೆ ಮಾಡಿಸಿ ಮೊಮ್ಮಕ್ಕಳನ್ನು ಕೊಟ್ಟಿರುವ ವಂಶವೃಕ್ಷಗಳು ಅಂತರ್ಜಾಲದಲ್ಲಿ ಧಾರಾಳವಾಗಿವೆ. ನಮ್ಮ ವಿಲಿಯಂಗಳಿಬ್ಬರೂ ಬದುಕಿ, ದೊಡ್ಡವರಾಗಿ, 1790ರ ದಶಕದಲ್ಲಿ ಅದೇ ಚರ್ಚಿನಲ್ಲಿ ಮದುವೆಯಾಗಿದ್ದರು.

ಇಲ್ಲಿ 1754ರಲ್ಲಿ ಜಾರಿಗೆ ಬಂದ ವಿವಾಹ ಕಾಯಿದೆ ನೆರವಿಗೆ ಬಂತು. ಆ ವರ್ಷದಿಂದ ವಧೂವರರೂ ಸಾಕ್ಷಿಗಳೂ ರಿಜಿಸ್ಟರಿನಲ್ಲಿ ಸಹಿ ಹಾಕಬೇಕು, ಬರೆಯಲು ಬಾರದವರು ಗುರುತು ಹಾಕಬೇಕು. ಒಬ್ಬ ವಿಲಿಯಂ ಕತ್ತರಿ ಗುರುತು ಎಳೆದಿದ್ದಾನೆ. ಇನ್ನೊಬ್ಬನ ಸಹಿ ಒತ್ತಿ ಬರೆದದ್ದು, ಮೊದಲ ಅಕ್ಷರದ ಕೊನೆಯ ಗೆರೆ ಮೇಲಕ್ಕೆ ಹೋಗಿ ಹಿಂದಕ್ಕೆ ಬಾಗುತ್ತದೆ. ಅದೇ ಬಾಗು ಸೂಸನ್ ಎಂಬವಳ ಮದುವೆಯಲ್ಲಿ ಸಾಕ್ಷಿಯ ಸಹಿಯಾಗಿಯೂ ಇತ್ತು. ಸೂಸನ್ ಯಾರೆಂದು ಹಿಂದಕ್ಕೆ ನೋಡಿದರೆ ಜಾನ್ ಮತ್ತು ಮೇರಿಯ ಮಗಳಾಗಿ 1773ರಲ್ಲಿ ದೀಕ್ಷಾಸ್ನಾನ ಪಡೆದವಳು. ಹಾಗಾದರೆ ಸಹಿ ಬಲ್ಲವನು ಬಹುಶಃ ಅವಳ ಅಣ್ಣ. ಆದರೆ ದಾಯಾದಿ ಅಣ್ಣನೂ ಸಾಕ್ಷಿ ಹಾಕಬಹುದಲ್ಲ? ಬಡಗಿ ಯಾರೆಂಬುದಕ್ಕೂ ಉತ್ತರ ಸಿಕ್ಕಿರಲಿಲ್ಲ.

ಉತ್ತರ ಸಿಕ್ಕಿದ್ದು ಮದುವೆಯಾಗದೆ ಉಳಿದ ಸೋದರತ್ತೆಯೊಬ್ಬಳ ಉಯಿಲಿನಲ್ಲಿ. 1799ರಲ್ಲಿ ಊರ್ಜಿತಗೊಂಡ ಆ ಉಯಿಲಿನಲ್ಲಿ ಆಕೆ, ತೀರಿಕೊಂಡ ತನ್ನ ತಮ್ಮ ಜಾನ್ ಮತ್ತು ಅವನ ಹೆಂಡತಿ ಮೇರಿಯ ಮಕ್ಕಳಾದ ಗಾಲಿ ಬಡಗಿ ವಿಲಿಯಂಗೆ ಐದು ಪೌಂಡನ್ನೂ, ಸೂಸನ್‌ಗೆ ತನ್ನ ಗರಿಯ ಹಾಸಿಗೆ ಮತ್ತು ಎರಡು ಜೊತೆ ಹೊದಿಕೆಗಳನ್ನೂ ಬಿಟ್ಟಿದ್ದಾಳೆ. ಸಹಿ, ಕಸುಬು, ತಂಗಿ ಮೂರೂ ಒಂದೇ ಮನೆಗೆ ಸೇರಿದವು. ಗಂಡ ಬದುಕಿರುವ ಹೆಂಡತಿಯರಿಗೆ 1882ರ ಕಾಯಿದೆ ಬರುವವರೆಗೆ ಗಂಡನ ಒಪ್ಪಿಗೆಯಿಲ್ಲದೆ ಉಯಿಲು ಬರೆಯುವ ಸ್ವಾತಂತ್ರ್ಯ ಇರಲಿಲ್ಲವಾದ್ದರಿಂದ ಹೆಂಗಸರ ಉಯಿಲುಗಳೆಂದರೆ ಬಹುಪಾಲು ವಿಧವೆಯರವು ಮತ್ತು ಅವಿವಾಹಿತೆಯರವು. ವಂಶ ಹುಡುಕುವವನಿಗೆ ಅವುಗಳಷ್ಟು ಉಪಕಾರಿಯಾದ ದಾಖಲೆ ಬೇರೊಂದಿಲ್ಲ. ಮಕ್ಕಳಿರುವ ಗಂಡಸು ‘ನನ್ನ ಎಲ್ಲ ಮಕ್ಕಳಿಗೂ ಸಮನಾಗಿ’ ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾನೆ. ಮಕ್ಕಳಿಲ್ಲದವರು ಅಣ್ಣ-ತಮ್ಮಂದಿರ, ಅಕ್ಕ-ತಂಗಿಯರ ಮಕ್ಕಳನ್ನೆಲ್ಲ ಹೆಸರು ಹಿಡಿದು ನೆನೆಯುತ್ತಾರೆ. ಆದ್ದರಿಂದ ನೇರ ಪೂರ್ವಜರ ಉಯಿಲು ಮಾತ್ರ ಹುಡುಕದೆ, ಆ ಉಪನಾಮದ ಎಲ್ಲರ ಉಯಿಲುಗಳನ್ನೂ ಒಂದರ ನಂತರ ಒಂದು ಓದುವುದನ್ನು ನಾನು ರೂಢಿಸಿಕೊಂಡೆ.

ಉಯಿಲು ಎಲ್ಲಿದೆ ಎಂದು ತಿಳಿಯುವುದೇ ಒಂದು ವಿದ್ಯೆ. 1858ರ ಜನವರಿ 12ರಿಂದ ಈ ಕೆಲಸ ಸರ್ಕಾರಿ ನ್ಯಾಯಾಲಯದ್ದು, ಇಡೀ ದೇಶಕ್ಕೆ ಒಂದೇ ಸೂಚಿ. ಅದಕ್ಕೆ ಮೊದಲು ಉಯಿಲನ್ನು ಊರ್ಜಿತಗೊಳಿಸುತ್ತಿದ್ದದ್ದು ಚರ್ಚಿನ ನ್ಯಾಯಾಲಯಗಳು. ಪಶ್ಚಿಮ ಸಫೋಕ್‌ನ ಸಾಮಾನ್ಯ ರೈತರ, ಕಸುಬುದಾರರ ಉಯಿಲುಗಳು ಬಿಷಪ್ಪರ ಕೈಕೆಳಗಿನ ಅಧಿಕಾರಿಯಾದ ಸಡ್ಬರಿ ಆರ್ಚ್‌ಡೀಕನ್‌ನ ನ್ಯಾಯಾಲಯಕ್ಕೆ ಹೋಗುತ್ತಿದ್ದವು. ನಾನು ಹುಡುಕಿದಾಗ ಅವೂ ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿದ್ದವು. ಅದಕ್ಕಿಂತ ಮೇಲೆ ಬಿಷಪ್ಪರ ನ್ಯಾಯಾಲಯ, ಅದರ ದಾಖಲೆಗಳು ನಾರಿಚ್‌ನಲ್ಲಿ. ಐದು ಪೌಂಡಿಗಿಂತ ಹೆಚ್ಚಿನ ಆಸ್ತಿ ಎರಡು ಬಿಷಪ್ ಪ್ರಾಂತಗಳಲ್ಲಿದ್ದರೆ ವಿಷಯ ಆರ್ಚ್‌ಬಿಷಪ್ಪರವರೆಗೆ ಹೋಗುತ್ತಿತ್ತು. ಕ್ಯಾಂಟರ್‌ಬರಿ ಆರ್ಚ್‌ಬಿಷಪ್ಪರ ನ್ಯಾಯಾಲಯದ 1384ರಿಂದ 1858ರವರೆಗಿನ ಆ ಉಯಿಲುಗಳು ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ದಾಖಲಾಗಾರದಲ್ಲಿವೆ, ಮನೆಯಿಂದಲೇ ಪಡೆಯಬಹುದು. ಕೂಲಿಕಾರರು ಉಯಿಲು ಬರೆದದ್ದು ತೀರ ಅಪರೂಪ. ಅಂಥವರಿಗೆ, ಬಡವರನ್ನು ನೋಡಿಕೊಳ್ಳುವ ಹೊಣೆ ಯಾವ ಪ್ಯಾರಿಷ್‌ನದೆಂದು ತೀರ್ಮಾನಿಸಲು 1662ರ ವಸತಿ ಕಾಯಿದೆಯ ಅಡಿಯಲ್ಲಿ ಅವರನ್ನು ವಿಚಾರಿಸಿದ ಕಾಗದಗಳನ್ನು ನೋಡಬೇಕು.

ಹಳೆಯ ತಾರೀಖುಗಳ ವಿಚಾರದಲ್ಲಿ ಎಚ್ಚರ ಬೇಕು. ಇಂಗ್ಲೆಂಡಿನಲ್ಲಿ 1751ರವರೆಗೆ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಬೀಗರ ಹಿರಿಯರಲ್ಲಿ ಒಬ್ಬರ ಮದುವೆ 1704ರ ಮೇ ತಿಂಗಳಿನಲ್ಲಿ, ಮೊದಲ ಮಗುವಿನ ದೀಕ್ಷಾಸ್ನಾನ 1704ರ ಫೆಬ್ರುವರಿಯಲ್ಲಿ. ಇದನ್ನು ಕಂಡು ಬೀಗಿತ್ತಿ ನಕ್ಕುಬಿಟ್ಟರು. ಆದರೆ ಆ ಫೆಬ್ರುವರಿ ಬರುವುದು ಆ ಮೇ ತಿಂಗಳ ನಂತರ, ನಮ್ಮ ಲೆಕ್ಕದಲ್ಲಿ ಅದು 1705. ಹದಿನೇಳನೆಯ ಶತಮಾನದ ಕೆಲವು ಪಾದ್ರಿಗಳು ಲ್ಯಾಟಿನ್‌ನಲ್ಲಿ ಬರೆಯುತ್ತಾರೆ, ಜೇಮ್ಸ್ ಅಲ್ಲಿ ಜಾಕೋಬಸ್ ಆಗುತ್ತಾನೆ. ಉಯಿಲುಗಳಲ್ಲಿ ‘ಸನ್ ಇನ್ ಲಾ’ ಎಂದಿದ್ದರೆ ಅವನು ಅಳಿಯನೇ ಆಗಬೇಕಿಲ್ಲ, ಮಲಮಗನೂ ಆಗಿರಬಹುದು.

ಇನ್ನೂ ಹಿಂದೆ, 1640ರ ದಶಕದ ಅಂತರ್ಯುದ್ಧದ ಕಾಲಕ್ಕೆ ಬಂದಾಗ ರಿಜಿಸ್ಟರು ಬಹುತೇಕ ಮೌನ. ಪಾದ್ರಿಗಳನ್ನು ಹೊರಹಾಕಿದ್ದ ಕಾಲವದು. ನಮ್ಮ ಹಳ್ಳಿಯ ಪುಸ್ತಕದಲ್ಲಿ ಹಲವು ವರ್ಷಗಳಿಗೆ ಒಂದೊಂದು ಪುಟವೂ ತುಂಬಿಲ್ಲ. ಆದರೆ ಅದೇ ಗೊಂದಲದಿಂದ ಒಂದು ಅನುಕೂಲವೂ ಆಗಿದೆ. ಚರ್ಚಿನ ನ್ಯಾಯಾಲಯಗಳು ನಿಂತುಹೋಗಿದ್ದರಿಂದ 1653ರಿಂದ 1660ರವರೆಗೆ ದೇಶದ ಎಲ್ಲ ಉಯಿಲುಗಳೂ ಲಂಡನ್ನಿನ ಒಂದೇ ನ್ಯಾಯಾಲಯಕ್ಕೆ ಹೋದವು. ಕೆಲವೇ ಎಕರೆಗಳ ಒಡೆಯನಾಗಿದ್ದ ಬೀಗರ ಹಿರಿಯನೊಬ್ಬನ ಉಯಿಲೂ ಹಾಗೆ ಕ್ಯಾಂಟರ್‌ಬರಿಯ ದಾಖಲೆಗಳ ನಡುವೆ ದೊಡ್ಡವರ ಸಾಲಿನಲ್ಲಿ ಕುಳಿತಿದೆ. ಅದರಲ್ಲಿ ಹಿರಿಯ ಮಗನಿಗೆ ಒಂದೇ ಒಂದು ಷಿಲಿಂಗ್ ಬಿಟ್ಟಿರುವುದನ್ನು ಕಂಡು ಅಪ್ಪ-ಮಗನಿಗೆ ಜಗಳವಾಗಿತ್ತೆಂದು ಅಳಿಯ ಕಥೆ ಕಟ್ಟಿದ. ಅಂಥ ಊಹೆಗೆ ಆಧಾರವಿರಲಿಲ್ಲ. ಜಮೀನು ಹಿರಿಯನಿಗೆ ಮೊದಲೇ ಸಂದಿದ್ದರೆ ಉಯಿಲಿನಲ್ಲಿ ಅವನಿಗೆ ಹೆಸರಿಗಷ್ಟೇ ಏನಾದರೂ ಕೊಡುವುದು ವಾಡಿಕೆ. ಹಿರಿಯ ಮಗನ ಹೆಸರೇ ಇಲ್ಲದ ಉಯಿಲುಗಳೂ ಉಂಟು.

ಆತನ ಮೊಮ್ಮಗನ ಉಯಿಲಿನ ಜೊತೆ ಮನೆಯ ಸಾಮಾನುಗಳ ಪಟ್ಟಿಯೂ ಉಳಿದಿದೆ. ನೆರೆಯವರಿಬ್ಬರು ಕೋಣೆಯಿಂದ ಕೋಣೆಗೆ ನಡೆದು, ಕಂಡ ವಸ್ತುಗಳನ್ನೆಲ್ಲ ಬೆಲೆ ಕಟ್ಟಿ ಬರೆದಿದ್ದಾರೆ: ಹಜಾರದಲ್ಲಿ ಮೇಜು ಮತ್ತು ಬೆಂಚು, ಒಳಮನೆಯಲ್ಲಿ ಹಾಸಿಗೆ, ಹಾಲಿನ ಕೋಣೆಯಲ್ಲಿ ಚೀಸ್ ಮಾಡುವ ಒತ್ತುಮಣೆ ಮತ್ತು ಹಾಲಿನ ತಟ್ಟೆಗಳು, ಹೊರಗೆ ಏಳು ಹಸು. ಕೊನೆಯ ಸಾಲು, ‘ಕಣ್ಣಿಗೆ ಬೀಳದೆ ಮರೆತುಹೋದ ವಸ್ತುಗಳು’, ಐದು ಷಿಲಿಂಗ್. ಇಂಥ ಸಾಲು ಆ ಕಾಲದ ಪಟ್ಟಿಗಳಲ್ಲಿ ಸಾಮಾನ್ಯವೆಂದು ಆಮೇಲೆ ತಿಳಿಯಿತಾದರೂ, ವಂಶವೃಕ್ಷದ ಜೊತೆಗೆ ನಾನು ಪೂರ್ತಿ ನಕಲು ಮಾಡಿಕೊಟ್ಟದ್ದು ಈ ಒಂದು ಪಟ್ಟಿಯನ್ನೇ.

ನಡುವೆ ಒಂದು ಕೊಂಬೆ ನಮ್ಮ ಊರ ಕಡೆಗೂ ಬಂದಿತ್ತು. ಬಡಗಿ ವಿಲಿಯಂನ ಮೊಮ್ಮಗನೊಬ್ಬ ಸೈನ್ಯಕ್ಕೆ ಸೇರಿ ಬೆಂಗಳೂರಿನ ದಂಡಿನಲ್ಲಿ ತೀರಿಕೊಂಡಿದ್ದ. ಬೆಂಗಳೂರು ದಂಡಿನ ಚರ್ಚುಗಳ ದಾಖಲೆಗಳ ಪ್ರತಿಗಳು ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿದ್ದುದರಿಂದ ಅವನನ್ನು ಹುಡುಕಬೇಕಾದದ್ದು ಬ್ರಿಟಿಷ್ ಲೈಬ್ರರಿಯಲ್ಲಿರುವ ಮದ್ರಾಸ್ ಪ್ರೆಸಿಡೆನ್ಸಿಯ ಸರಣಿಯಲ್ಲಿ.

ಪ್ಯಾರಿಷ್ ರಿಜಿಸ್ಟರುಗಳನ್ನು ಇಡಬೇಕೆಂದು ಎಂಟನೆಯ ಹೆನ್ರಿ ರಾಜನ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆಜ್ಞೆ ಮಾಡಿದ್ದು 1538ರಲ್ಲಿ. ನಮ್ಮ ಹಳ್ಳಿಯದು ಆರಂಭವಾಗುವುದು 1558ರಿಂದ, ಅದೂ ಮೂಲವಲ್ಲ. ಹಳೆಯ ಕಾಗದದ ಪುಸ್ತಕಗಳನ್ನು ಚರ್ಮದ ಹಾಳೆಗಳಿಗೆ, ವಿಶೇಷವಾಗಿ ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದಂದಿನಿಂದ, ನಕಲು ಮಾಡಬೇಕೆಂದು 1598ರಲ್ಲಿ ಹೊರಟ ಆದೇಶದ ಫಲವಾಗಿ ಮೊದಲ ನಲವತ್ತು ವರ್ಷಗಳ ಪುಟಗಳೆಲ್ಲ ಒಂದೇ ಕೈಬರಹದಲ್ಲಿ, ಒಂದೇ ಶಾಯಿಯಲ್ಲಿವೆ. ಆ ಪುಟಗಳಲ್ಲಿ 1570ರ ದಶಕದಲ್ಲಿ ಹೂಳಲ್ಪಟ್ಟ ಒಬ್ಬನವರೆಗೆ ಸರಪಳಿ ಗಟ್ಟಿಯಾಗಿದೆ. ಅವನ ತಂದೆಯೆಂದು ನಾನು ಊಹಿಸುವವನನ್ನು ಚುಕ್ಕೆಗೆರೆಯಿಂದಷ್ಟೇ ಜೋಡಿಸಿದ್ದೇನೆ. ಅದನ್ನು ಪೂರ್ಣ ಗೆರೆ ಮಾಡಬೇಕಾದರೆ ಜಮೀನು ಯಾರಿಂದ ಯಾರಿಗೆ ಹೋಯಿತೆಂದು ಬರೆದಿಟ್ಟ ಮೇನರ್ ನ್ಯಾಯಾಲಯದ, ಅಂದರೆ ಊರಿನ ಜಮೀನುದಾರನ ನ್ಯಾಯಾಲಯದ, ಸುರುಳಿಗಳನ್ನು ಓದಬೇಕು. ಅವು ಲ್ಯಾಟಿನ್‌ನಲ್ಲಿವೆ, ಪದಗಳನ್ನೆಲ್ಲ ತುಂಡರಿಸಿ ಬರೆದದ್ದು. ಅಳಿಯನ ಊರಿಗೆ ಮುಂದಿನ ಸಲ ಹೋಗುವುದರೊಳಗೆ ಅಷ್ಟು ಲ್ಯಾಟಿನ್ ಕಲಿಯಲು ಕುಳಿತಿದ್ದೇನೆ.