ಗಿಟ್‌ಹಬ್ ರೆಪೊವನ್ನು ಪವರ್ ಬಿಐಗೆ ಜೋಡಿಸುವುದು ಹೇಗೆ?

ಗಿಟ್‌ಹಬ್ ರೆಪೊದ (ಕೋಡ್ ಇಡುವ ಸಂಗ್ರಹ) ಪುಲ್ ರಿಕ್ವೆಸ್ಟ್‌ಗಳನ್ನು, ಅಂದರೆ ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆಗಳನ್ನು, ರಿಪೋರ್ಟ್ ತಯಾರಿಸುವ ಪವರ್ ಬಿಐ ಡೆಸ್ಕ್‌ಟಾಪ್‌ಗೆ ತರಲು ಹೆಚ್ಚು ಹೊತ್ತು ಬೇಡ. ಅದೇ ರಿಪೋರ್ಟ್ ಆನ್‌ಲೈನ್‌ನಲ್ಲಿ ದಿನಾ ತಾನಾಗಿಯೇ ರಿಫ್ರೆಶ್ ಆಗಬೇಕು ಅಂದಾಗ ತೊಡಕು ಶುರು. ಆದ್ದರಿಂದ ಕ್ವೆರಿ (ಡೇಟಾ ತರಿಸುವ ಸೂಚನೆ) ಬರೆಯುವಾಗಲೇ ರಿಫ್ರೆಶ್‌ನ ಯೋಚನೆ ಇರಲಿ.

ಮೊದಲು ಟೋಕನ್, ಅಂದರೆ ಪಾಸ್‌ವರ್ಡ್ ಬದಲು ಬಳಸುವ ಗುಪ್ತ ಕೀಲಿ. ಗಿಟ್‌ಹಬ್‌ನ ಡೆವಲಪರ್ ಸೆಟ್ಟಿಂಗ್ಸ್‌ಗೆ ಹೋಗಿ ಫೈನ್-ಗ್ರೇನ್ಡ್ ಟೋಕನ್ ಮಾಡಿಕೊಳ್ಳಿ. ಬೇಕಾದ ರೆಪೊ ಒಂದನ್ನೇ ಆರಿಸಿ, ಪುಲ್ ರಿಕ್ವೆಸ್ಟ್ಸ್ ಮತ್ತು ಇಶ್ಯೂಸ್‌ಗೆ (ದೋಷ, ಕೆಲಸಗಳ ಪಟ್ಟಿ) ರೀಡ್-ಓನ್ಲಿ ಅನುಮತಿ ಕೊಡಿ. ಅದಕ್ಕಿಂತ ಹೆಚ್ಚಿನದು ಬೇಡವೇ ಬೇಡ. ಟೋಕನ್ ಇಲ್ಲದಿದ್ದರೆ ಗಂಟೆಗೆ 60 ರಿಕ್ವೆಸ್ಟ್ ಮಾತ್ರ, ಇದ್ದರೆ 5000. ಅನುಮತಿ ಇಲ್ಲದ ಟೋಕನ್‌ನಿಂದ ಪ್ರೈವೇಟ್ ರೆಪೊ ಕೇಳಿದರೆ 404 (ಸಿಗಲಿಲ್ಲ) ಎಂಬ ದೋಷ ಬರುತ್ತದೆ, ಏಕೆಂದರೆ ಅಂಥ ರೆಪೊ ಇದೆ ಎಂಬುದನ್ನೂ ಗಿಟ್‌ಹಬ್ ಬಿಟ್ಟುಕೊಡುವುದಿಲ್ಲ. ವಿಳಾಸದಲ್ಲಿ ಅಕ್ಷರ ತಪ್ಪಿದೆಯೇ ಎಂದು ಹುಡುಕುತ್ತ ಕೂರುವ ಮೊದಲು ಅನುಮತಿಯನ್ನು ನೋಡಿ.

ಪವರ್ ಬಿಐನಲ್ಲಿ ಗೆಟ್ ಡೇಟಾ, ಬ್ಲ್ಯಾಂಕ್ ಕ್ವೆರಿ, ಅಡ್ವಾನ್ಸ್ಡ್ ಎಡಿಟರ್ ತೆರೆಯಿರಿ. ವೆಬ್ ಕಂಟೆಂಟ್ಸ್ ಫಂಕ್ಷನ್‌ಗೆ ಮೊದಲು ಕೊಡುವ ವಿಳಾಸ ಗಿಟ್‌ಹಬ್ ಎಪಿಐನ (ಪ್ರೋಗ್ರಾಮ್‌ಗಳಿಗೆ ಡೇಟಾ ಕೊಡುವ ದಾರಿ) ಮೂಲ ವಿಳಾಸ ಮಾತ್ರ ಆಗಿರಲಿ. ಮಾಲೀಕರ ಹೆಸರು, ರೆಪೊ ಹೆಸರು ಇರುವ ಭಾಗ ರಿಲೇಟಿವ್ ಪಾಥ್‌ಗೆ, ಪುಟದ ಸಂಖ್ಯೆ ಮುಂತಾದವು ಕ್ವೆರಿ ಎಂಬ ಆಯ್ಕೆಗೆ ಹೋಗಬೇಕು. ಎಲ್ಲವನ್ನೂ ಒಂದೇ ಸ್ಟ್ರಿಂಗ್ ಆಗಿ ಅಂಟಿಸಿದರೂ ಡೆಸ್ಕ್‌ಟಾಪ್‌ನಲ್ಲಿ ಓಡುತ್ತದೆ. ಪಬ್ಲಿಷ್ ಮಾಡಿದ ಮೇಲೆ 'ಡೈನಾಮಿಕ್ ಡೇಟಾ ಸೋರ್ಸ್' ಎಂದು ರಿಫ್ರೆಶ್ ನಿರಾಕರಿಸುತ್ತದೆ. ಕ್ವೆರಿ ಆಯ್ಕೆಯೊಳಗಿನ ಸಂಖ್ಯೆಗಳನ್ನು ಟೆಕ್ಸ್ಟ್‌ಗೆ ಬದಲಿಸಿಯೇ ಕೊಡಿ. ಟೋಕನ್ ಆಥರೈಸೇಶನ್ ಹೆಡರ್‌ನಲ್ಲಿ, 'ಬೇರರ್' ಪದದ ನಂತರ ಒಂದು ಸ್ಪೇಸ್ ಬಿಟ್ಟು ಬರುತ್ತದೆ. ಕ್ರೆಡೆನ್ಶಿಯಲ್ ಕೇಳಿದಾಗ ಅನಾನಿಮಸ್ ಆರಿಸಿ. ವಿಚಿತ್ರ ಅನಿಸಬಹುದು, ಆದರೆ ಈ ಹೆಡರನ್ನು ನಾವೇ ಕೊಟ್ಟಾಗ ಪವರ್ ಬಿಐ ಒಪ್ಪುವುದು ಅದೊಂದನ್ನೇ.

ರಿಪೋರ್ಟ್‌ನಲ್ಲಿ ಸರಿಯಾಗಿ 30 ಸಾಲು ಬಂದರೆ ಅನುಮಾನಿಸಿ: ಪುಟಕ್ಕೆ 30 ಎಂಬುದು ಡಿಫಾಲ್ಟ್, ಗರಿಷ್ಠ 100. ಲಿಸ್ಟ್ ಜನರೇಟ್ ಫಂಕ್ಷನ್ ಬಳಸಿ, ಖಾಲಿ ಪುಟ ಬರುವವರೆಗೆ ಒಂದೊಂದೇ ಪುಟ ತರಿಸಿ. ಸ್ಟೇಟ್ 'ಆಲ್' ಎಂದಿಡದಿದ್ದರೆ ಓಪನ್ ಇರುವವು ಮಾತ್ರ ಸಿಗುತ್ತವೆ.

ಲೆಕ್ಕ ತಪ್ಪುವುದು ಇಲ್ಲಿ: ಇಶ್ಯೂಸ್ ಪಟ್ಟಿಯಲ್ಲಿ ಪುಲ್ ರಿಕ್ವೆಸ್ಟ್‌ಗಳೂ ಸೇರಿರುತ್ತವೆ, ಪುಲ್ ರಿಕ್ವೆಸ್ಟ್ ಎಂಬ ಫೀಲ್ಡ್ ಇರುವ ಸಾಲುಗಳನ್ನು ತೆಗೆಯಿರಿ. ಕ್ಲೋಸ್ಡ್ ಆದದ್ದೆಲ್ಲ ಮರ್ಜ್ ಆದದ್ದಲ್ಲ (ಮುಖ್ಯ ಕೋಡ್‌ಗೆ ಸೇರಿದ್ದಲ್ಲ). ಮರ್ಜ್ಡ್ ಆಟ್ ಎಂಬ ಫೀಲ್ಡ್ ಖಾಲಿಯಿದ್ದರೆ ಅದು ಮರ್ಜ್ ಆಗದೆ ಮುಚ್ಚಿದ್ದು. ಸಮಯವೆಲ್ಲ ಯುಟಿಸಿಯಲ್ಲಿ (ಜಾಗತಿಕ ಸಮಯ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ) ಇರುತ್ತದೆ, ಹಾಗಾಗಿ ಬೆಂಗಳೂರಿನ ತಂಡ ಮುಂಜಾನೆ 5:30ಕ್ಕೆ ಮೊದಲು ಮರ್ಜ್ ಮಾಡಿದ್ದು ಹಿಂದಿನ ದಿನದ ಲೆಕ್ಕಕ್ಕೆ ಸೇರುತ್ತದೆ. ಕಾಲಂ ಅನ್ನು ಡೇಟ್-ಟೈಮ್-ಝೋನ್ ಮಾಡಿ, ಸ್ವಿಚ್ ಝೋನ್‌ನಿಂದ 5 ಗಂಟೆ 30 ನಿಮಿಷಕ್ಕೆ ಬದಲಿಸಿ.

ಪಬ್ಲಿಷ್ ಆದಮೇಲೆ ಸೆಮ್ಯಾಂಟಿಕ್ ಮಾಡೆಲ್‌ನ (ರಿಪೋರ್ಟ್‌ನ ಹಿಂದಿರುವ ಡೇಟಾ) ಸೆಟ್ಟಿಂಗ್ಸ್‌ನಲ್ಲಿ ಮತ್ತೆ ಅನಾನಿಮಸ್ ಕೊಟ್ಟು ವೇಳೆ ನಿಗದಿಪಡಿಸಿ. ಗಿಟ್‌ಹಬ್ ಕ್ಲೌಡ್‌ನಲ್ಲೇ ಇರುವುದರಿಂದ ಗೇಟ್‌ವೇ (ಕಚೇರಿಯೊಳಗಿನ ಡೇಟಾವನ್ನು ಕ್ಲೌಡ್‌ಗೆ ಜೋಡಿಸುವ ಸಾಫ್ಟ್‌ವೇರ್) ಬೇಕಿಲ್ಲ. ಪ್ರೊ ಲೈಸನ್ಸ್‌ಗೆ ದಿನಕ್ಕೆ 8 ರಿಫ್ರೆಶ್. ಸತತ ನಾಲ್ಕು ಬಾರಿ ವಿಫಲವಾದರೆ ವೇಳಾಪಟ್ಟಿಯೇ ನಿಲ್ಲುತ್ತದೆ, ಟೋಕನ್ ಅವಧಿ ಮುಗಿದಾಗ ಆಗುವುದು ಇದೇ. ಟೋಕನನ್ನು ಟೆಕ್ಸ್ಟ್ ಬಗೆಯ ಪ್ಯಾರಾಮೀಟರ್ ಆಗಿ ಇಟ್ಟರೆ ಸೆಟ್ಟಿಂಗ್ಸ್‌ನಲ್ಲೇ ಬದಲಿಸಬಹುದು, ಮತ್ತೆ ಪಬ್ಲಿಷ್ ಮಾಡಬೇಕಿಲ್ಲ. ಆದರೆ ಡೆಸ್ಕ್‌ಟಾಪ್ ಫೈಲ್ ಯಾರ ಕೈಗೆ ಸಿಕ್ಕರೂ ಟೋಕನ್ ಓದಬಹುದು. ಫೈಲನ್ನು ಇಮೇಲ್‌ನಲ್ಲಿ ಹಂಚಬೇಡಿ.

ರೆಪೊದ ವ್ಯೂ (ನೋಡಿದ), ಕ್ಲೋನ್ (ನಕಲಿಸಿಕೊಂಡ) ಸಂಖ್ಯೆಯೂ ಬೇಕೆಂದರೆ ಈ ದಾರಿ ಸಾಲದು. ಗಿಟ್‌ಹಬ್ ಕೊಡುವುದು ಕಳೆದ 14 ದಿನದ್ದು ಮಾತ್ರ, ಸಾಮಾನ್ಯ ರಿಫ್ರೆಶ್ ಹಳೆಯ ಡೇಟಾವನ್ನು ಅಳಿಸಿ ಹೊಸದನ್ನು ತುಂಬುತ್ತದೆ. ಅವನ್ನು ಮೊದಲು ನಿಮ್ಮದೇ ಡೇಟಾಬೇಸ್‌ಗೆ ಸೇರಿಸುತ್ತ ಹೋಗಿ, ಪವರ್ ಬಿಐ ಅಲ್ಲಿಂದ ಓದಲಿ.