ಕೊಡಗಿನ ಚಳಿಗಾಲದಲ್ಲಿ ಲಾಗರ್: ಭಾಗಶಃ ಮ್ಯಾಶ್ ವಿಧಾನ

ಮನೆ ವೈನಿನಲ್ಲಿ ಪಳಗಿದ ಕೊಡಗಿನ ಕೈಗಳು ತಂಪಿನಲ್ಲೇ ಹುದುಗಬೇಕಾದ ಲಾಗರ್ ಬಿಯರಿಗೆ ಇಳಿದಾಗ ಎಡವುವುದು ಸಾಮಾನ್ಯವಾಗಿ ಒಂದೇ ಕಡೆ, ಹುದುಗುವಾಗಿನ ಉಷ್ಣಾಂಶದಲ್ಲಿ. ಭರಣಿಯಲ್ಲಿ ಹಣ್ಣು, ಸಕ್ಕರೆ ತುಂಬಿ ಅಡುಗೆಮನೆಯ ಮೂಲೆಯಲ್ಲಿ ಮರೆತರೂ ವೈನ್ ಹೇಗೋ ಕುಡಿಯುವಂತಾಗುತ್ತದೆ. ಲಾಗರ್ ಅಷ್ಟು ಸಲಿಗೆ ಕೊಡುವುದಿಲ್ಲ. ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದನ್ನು 1965ರ ಕರ್ನಾಟಕ ಅಬಕಾರಿ ಕಾಯ್ದೆ ನಿಷೇಧಿಸುವುದರಿಂದ, ಒಲೆ ಹೊತ್ತಿಸುವ ಮೊದಲು ಅನುಮತಿಯ ವಿಷಯ ಇತ್ಯರ್ಥವಾಗಿರಬೇಕು.

ಭಾಗಶಃ ಮ್ಯಾಶ್ ಎಂದರೆ ಬೇಕಾದ ಸಕ್ಕರೆಯಂಶದಲ್ಲಿ ಅರ್ಧದಷ್ಟನ್ನು ಮಾಲ್ಟ್ ಕಾಳನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಿಸಿನೀರಿನಲ್ಲಿ ನೆನೆಸಿ, ಅಂದರೆ ಮ್ಯಾಶ್ ಮಾಡಿ, ನಾವೇ ಇಳಿಸಿಕೊಂಡು, ಉಳಿದದ್ದನ್ನು ಒಣ ಮಾಲ್ಟ್ ಸಾರದ ಪುಡಿಯಿಂದ ತುಂಬಿಕೊಳ್ಳುವುದು. ಹಾಗಾಗಿ ದೊಡ್ಡ ಹಂಡೆ ಬೇಕಾಗುವುದಿಲ್ಲ, ಕಾಳಿನ ತಾಜಾ ರುಚಿಯೂ ಕೈತಪ್ಪುವುದಿಲ್ಲ. 10 ಲೀಟರ್ ಬಿಯರಿಗೆ 1.2 ಕಿಲೋ ಪಿಲ್ಸ್ನರ್ ಮಾಲ್ಟ್, 600 ಗ್ರಾಂ ತಿಳಿಬಣ್ಣದ ಮಾಲ್ಟ್ ಸಾರದ ಪುಡಿ, 4 ಶೇಕಡಾ ಆಲ್ಫಾ ಆಮ್ಲ (ಕಹಿಯ ಅಂಶ) ಇರುವ ಸಾಝ್ ಅಥವಾ ಹಾಲರ್‌ಟಾವ್ ಹಾಪ್ಸ್ (ಬಿಯರಿಗೆ ಕಹಿ ಕೊಡುವ ಹೂ) 35 ಗ್ರಾಂ, 11.5 ಗ್ರಾಂನ ಒಂದು ಪೊಟ್ಟಣ ಡಬ್ಲ್ಯು-34/70 ಎಂಬ ಲಾಗರಿನ ಒಣ ಯೀಸ್ಟ್ ಸಾಕು. ನಮ್ಮ ಮಳೆಗಾಲದ ತೇವಕ್ಕೆ ಒಡೆದಿಟ್ಟ ಮಾಲ್ಟ್ ಕಾಳು ಬೇಗ ಮೆತ್ತಗಾಗುವುದರಿಂದ ಇಡೀ ಕಾಳನ್ನೇ ತಂದು, ಬೇಯಿಸುವ ದಿನವೇ ತರಿಯಾಗಿ ಒಡೆಸಿಕೊಳ್ಳುವುದು ಒಳ್ಳೆಯದು. ಹಿಟ್ಟಾಗಬಾರದು, ಸಿಪ್ಪೆ ಉಳಿಯಬೇಕು.

ಮೂರೂವರೆ ಲೀಟರ್ ನೀರನ್ನು 73 ಡಿಗ್ರಿಗೆ ಕಾಯಿಸಿ, ಬಟ್ಟೆಯ ಚೀಲದಲ್ಲಿಟ್ಟ ತರಿಯನ್ನು ಅದರಲ್ಲಿ ಗಂಟಾಗದಂತೆ ಕಲಸಿದರೆ ಉಷ್ಣಾಂಶ 66ರ ಆಸುಪಾಸಿಗೆ ಇಳಿಯುತ್ತದೆ. ಪಾತ್ರೆಗೆ ಕಂಬಳಿ ಸುತ್ತಿ ಒಂದು ಗಂಟೆ ಬಿಟ್ಟಾಗ ಮಾಲ್ಟಿನ ಕಿಣ್ವಗಳೇ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಒಂದು ಹನಿ ರಸವನ್ನು ಬಿಳಿ ತಟ್ಟೆಯ ಮೇಲೆ ತೆಗೆದು ಟಿಂಕ್ಚರ್ ಅಯೋಡಿನ್ ತಾಗಿಸಿ ನೋಡಿ, ಕಡುನೀಲಿಗೆ ತಿರುಗಿದರೆ ಇನ್ನೂ ಹದಿನೈದು ನಿಮಿಷ ಕಾಯಬೇಕು. ಬಳಿಕ ಚೀಲವನ್ನು ಎತ್ತಿ ಹಿಡಿದು 75 ಡಿಗ್ರಿಯ ನಾಲ್ಕು ಲೀಟರ್ ನೀರನ್ನು ನಿಧಾನವಾಗಿ ಸುರಿದು ತೊಳೆಯಬೇಕು. (ಮ್ಯಾಶಿಗೆ ಸ್ವಲ್ಪ ಹುಳಿ ಒಳ್ಳೆಯದೆಂದು ಓದಿ ನಮ್ಮ ಕಪ್ಪು ಹುಳಿರಸ ಕಾಚಂಪುಳಿಯ ಬಾಟಲಿಗೆ ಕೈ ಹಾಕಬೇಡಿ, ಅದು ಪಂದಿಕರಿಗೇ ಇರಲಿ.)

ಕುದಿಸುವಾಗ ಎತ್ತರ ಲೆಕ್ಕಕ್ಕೆ ಬರುತ್ತದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು ಕುದಿಯುವುದು 96 ಡಿಗ್ರಿಯ ಹತ್ತಿರ. ಅಷ್ಟು ಕಡಿಮೆ ಬಿಸಿಯಲ್ಲಿ ಹಾಪ್ಸಿನ ಕಹಿ ನಿಧಾನವಾಗಿ ಬಿಡುತ್ತದೆ, ಬೇಯಿಸಿದ ಜೋಳದ ವಾಸನೆ ಕೊಡುವ ಗಂಧಕದ ಅಂಶವೂ ನಿಧಾನವಾಗಿ ಹೋಗುತ್ತದೆ. ಆದ್ದರಿಂದ ಮುಚ್ಚಳ ತೆರೆದೇ 90 ನಿಮಿಷ ಕುದಿಸಿ, ಇಪ್ಪತ್ತು ನಿಮಿಷವಾದಾಗ 25 ಗ್ರಾಂ ಹಾಪ್ಸ್ ಹಾಕಿ; ಉಳಿದ 10 ಗ್ರಾಂ ಹಾಗೂ ಮಾಲ್ಟ್ ಸಾರದ ಪುಡಿಯನ್ನು ಕೊನೆಯ ಹದಿನೈದು ನಿಮಿಷಕ್ಕೆ ಸೇರಿಸಿ. ಪಾತ್ರೆಯನ್ನು ತಣ್ಣೀರಿನ ತೊಟ್ಟಿಯಲ್ಲಿಟ್ಟು ಆರಿಸಿದ ಮೇಲೆ, ಹಿಂದಿನ ದಿನವೇ ಕುದಿಸಿ ಫ್ರಿಜ್‌ನಲ್ಲಿಟ್ಟ ನೀರನ್ನು ಬೆರೆಸಿ ಹತ್ತು ಲೀಟರಿಗೆ ತಂದರೆ, ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.048ರ ಸುತ್ತಮುತ್ತ ತೋರಿಸಬೇಕು. ಇಲ್ಲಿಂದ ಮುಂದೆ ಮುಟ್ಟುವ ಎಲ್ಲವೂ ಸೋಂಕುನಿವಾರಕದಲ್ಲಿ ತೊಳೆದಿರಬೇಕು.

ಈಗ ನಿಜವಾದ ಪರೀಕ್ಷೆ. ಜನವರಿಯ ರಾತ್ರಿ ಮಡಿಕೇರಿಯ ಚಳಿ ಎಷ್ಟೇ ಕೊರೆದರೂ ಮಧ್ಯಾಹ್ನದ ಬಿಸಿಲಿಗೆ ಹೊರಗೆ 24 ಡಿಗ್ರಿಯ ಹತ್ತಿರ ಏರುತ್ತದೆ. ಯೀಸ್ಟಿಗೆ ಬೇಕಾದದ್ದು ಏರಿಳಿತವಿಲ್ಲದ 12 ಡಿಗ್ರಿ. ಹುದುಗುವ ದ್ರವ ತಾನೇ ಬಿಸಿಯನ್ನು ಹುಟ್ಟಿಸುವುದರಿಂದ ಕೋಣೆಯ ಥರ್ಮಾಮೀಟರನ್ನು ನಂಬುವಂತಿಲ್ಲ, ಅಳೆಯಬೇಕಾದದ್ದು ದ್ರವ ತುಂಬಿದ ಕ್ಯಾನಿನ ಮೈಯನ್ನು. ಹಳೆಯ ಫ್ರಿಜ್‌ಗೆ ಥರ್ಮೋಸ್ಟಾಟ್ ಜೋಡಿಸುವುದು ಉತ್ತಮ. ಅದಿಲ್ಲದವರು ಕ್ಯಾನನ್ನು ನೀರಿನ ಟಬ್ಬಿನಲ್ಲಿಟ್ಟು, ಒದ್ದೆ ಗೋಣಿಯನ್ನು ಹೊದಿಸಿ, ಬೆಳಿಗ್ಗೆ ಸಂಜೆ ಎರಡು ಮಂಜುಗಡ್ಡೆಯ ಬಾಟಲಿಗಳನ್ನು ಬದಲಿಸುತ್ತಾ ಹೋಗಬೇಕು, ಕಾಫಿ ಕೊಯ್ಲಿನ ಗಡಿಬಿಡಿಯಲ್ಲೂ ಒಂದು ಹೊತ್ತು ತಪ್ಪದಂತೆ. ದ್ರವ 12ಕ್ಕೆ ಇಳಿದ ಮೇಲೆಯೇ ಚೆನ್ನಾಗಿ ಕುಲುಕಿ ಯೀಸ್ಟ್ ಉದುರಿಸಿ, ಅನಿಲವನ್ನು ಹೊರಬಿಟ್ಟು ಗಾಳಿಯನ್ನು ತಡೆಯುವ ಏರ್‌ಲಾಕ್ ಕೂರಿಸಿ. ಒಂದು ವಾರದ ನಂತರ ಹೈಡ್ರೋಮೀಟರಿನ ಅಳತೆ 1.020ಕ್ಕೆ ಬಂದಾಗ ಮಂಜುಗಡ್ಡೆ ನಿಲ್ಲಿಸಿ 16 ಡಿಗ್ರಿಗೆ ಏರಲು ಬಿಟ್ಟರೆ, ಬೆಣ್ಣೆಯ ವಾಸನೆ ತರುವ ಡೈಅಸಿಟೈಲನ್ನು ಯೀಸ್ಟ್ ತಾನೇ ತಿಂದು ಮುಗಿಸುತ್ತದೆ.

ಮೂರು ದಿನ ಅಳತೆ 1.011ರ ಆಸುಪಾಸಿನಲ್ಲಿ ಕದಲದೆ ನಿಂತರೆ, ಲೀಟರಿಗೆ 6 ಗ್ರಾಂ ಸಕ್ಕರೆಯನ್ನು ಕುದಿಸಿ ಬೆರೆಸಿ ಗಟ್ಟಿ ಬಿಯರ್ ಬಾಟಲಿಗಳಿಗೆ ತುಂಬಿ. ಅಳತೆ ಇಳಿಯುತ್ತಿರುವಾಗಲೇ ತುಂಬಿದರೆ ಬಾಟಲಿ ಸಿಡಿಯಬಹುದು. ಒಂದನ್ನು ಮಾತ್ರ ಪ್ಲಾಸ್ಟಿಕ್ ಸೋಡಾ ಬಾಟಲಿಯಲ್ಲಿ ತುಂಬಿ ಎಲ್ಲವನ್ನೂ ಕೋಣೆಯಲ್ಲೇ ಎರಡು ವಾರ ಇಡಿ. ಅದು ಅದುಮಿದರೂ ಅಲುಗದಷ್ಟು ಬಿಗಿದಾಗ ಉಳಿದವೂ ಫ್ರಿಜ್‌ಗೆ ಹೋಗಲು ಸಿದ್ಧ, ಇನ್ನೂ ನಾಲ್ಕು ವಾರ ಅಲ್ಲೇ ತಣ್ಣಗೆ ಮಾಗಲು.