ಕೈ ಬಿಗಿ ಇರುವ ಗಂಡನ ಜೊತೆ 71 ದಿನದ ಸುತ್ತಾಟ

ನಮ್ಮನೆಯವರದು ಮೊದಲಿಂದಲೂ ಬಿಗಿ ಕೈ. ಮಂಡ್ಯದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ರಾತ್ರಿ ಊಟ ಆದಮೇಲೆ ಖರ್ಚಿನ ಪುಸ್ತಕ ತೆಗೆಯದೆ ಮಲಗಿದ ದಿನವೇ ಇಲ್ಲ. ರಿಟೈರ್ ಆದಮೇಲೆ ಒಂದು ದಿನ, "ಊರೂರು ಸುತ್ತೋಣ ಕಣೇ, ಆದ್ರೆ ಪೆನ್ಷನ್ ಮೀರಬಾರದು" ಅಂದರು. ಹೋದ ನವೆಂಬರಿನಲ್ಲಿ ಹೊರಟು ಜನವರಿಯಲ್ಲಿ ವಾಪಸ್ ಬಂದೆವು. 71 ದಿನ. ಇಬ್ಬರಿಗೂ ಸೇರಿ ಖರ್ಚಾಗಿದ್ದು 81,640 ರೂಪಾಯಿ. ಎಲ್ಲರೂ ದುಡ್ಡಿನ ವಿಷಯವನ್ನೇ ಕೇಳುತ್ತಾರೆ. "ಭಾವನ ಜೊತೆ ಅಷ್ಟು ದಿನ ಹೆಂಗಕ್ಕ ಸುಧಾರಿಸಿದೆ?" ಅಂತ ಕೇಳಿದ್ದು ನನ್ನ ತಂಗಿ ಒಬ್ಬಳೇ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೂ ಮುಂಚೆ ನಮ್ಮ ರಾಜ್ಯದಲ್ಲೇ ಒಂದು ಸಲ ಹದಿನೆಂಟು ದಿನ ಸುತ್ತಿದ್ದೆವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಗಿತ್ತಲ್ಲ, ಅದಾದ ಮೇಲೆ. ಸಾಮಾನ್ಯ ಸಾರಿಗೆ, ಎಕ್ಸ್‌ಪ್ರೆಸ್ ಬಸ್ಸುಗಳಲ್ಲಿ ನಾನು ಆಧಾರ್ ತೋರಿಸಿದರೆ ಸೊನ್ನೆ ಟಿಕೆಟ್. ರಾಜಹಂಸ, ಐರಾವತಕ್ಕೆ ಅದು ನಡೆಯಲ್ಲ, ಹಾಗಾಗಿ ಕೆಂಪು ಬಸ್ಸೇ ಗತಿ. ಸುಬ್ರಹ್ಮಣ್ಯ, ಧರ್ಮಸ್ಥಳ, ಹೊರನಾಡು, ಶೃಂಗೇರಿ, ಉಡುಪಿ, ಕೊಲ್ಲೂರು ಎಲ್ಲ ಮುಗಿಸಿದೆವು. ದಿನಾ ಬ್ಯಾಗು ಕಟ್ಟುವುದು, ಬಿಚ್ಚುವುದು. ಒಂಬತ್ತನೇ ದಿನಕ್ಕೆ ನನಗೆ ಸಾಕಾಗಿ ಹೋಗಿತ್ತು. ಮನೆಗೆ ಬಂದು ಪುಸ್ತಕ ನೋಡಿದಾಗ ಒಂದು ವಿಷಯ ಗೊತ್ತಾಯಿತು. ನಾವು ಒಂದೇ ಊರಲ್ಲಿ ಉಳಿದ ದಿನ ಖರ್ಚು ಅರ್ಧಕ್ಕೆ ಅರ್ಧ ಕಡಿಮೆ. ರೂಮಿನ ಬಾಡಿಗೆ ಅದೇ, ಆದರೆ ಬಸ್ಸಿಲ್ಲ, ಆಟೊ ಇಲ್ಲ, ಹೊಸ ಊರಲ್ಲಿ ದಾರಿ ತಪ್ಪಿ ಕುಡಿಯುವ ಕಾಫಿ ಇಲ್ಲ. ದುಡ್ಡು ಹೋಗುವುದು ಓಡಾಟಕ್ಕೆ, ಇರುವುದಕ್ಕಲ್ಲ.

ಉತ್ತರದ ಕಡೆ ಹೊರಡುವಾಗ ನಮಗೆ ಜಗಳ ಆಗಿದ್ದೂ ಇದೇ ವಿಷಯಕ್ಕೆ. ರೈಲ್ವೆಯಲ್ಲಿ ಸರ್ಕ್ಯುಲರ್ ಜರ್ನಿ ಟಿಕೆಟ್ ಅಂತ ಒಂದಿದೆ. ಹೊರಟ ಸ್ಟೇಷನ್ನಿಗೇ ವಾಪಸ್ ಬರಬೇಕು. ನಡುವೆ ಎಂಟು ಕಡೆ ಇಳಿಯಬಹುದು. ರೈಲಿನಲ್ಲಿ ದೂರ ಜಾಸ್ತಿಯಾದಷ್ಟೂ ಕಿಲೋಮೀಟರಿನ ದರ ಇಳಿಯುತ್ತದಲ್ಲ, ಹಾಗಾಗಿ ಬಿಡಿ ಬಿಡಿ ಟಿಕೆಟಿಗಿಂತ ಇದು ಅಗ್ಗ. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚಿನಿಂದ ಇಲ್ಲ, ಉಳಿದಿರುವ ದಾರಿ ಇದೊಂದೇ ಅಂತ ಅವರ ವಾದ. ಆದರೆ ಇದಕ್ಕೆ ದಿನದ ಲೆಕ್ಕವೂ ಇದೆ. ಪ್ರಯಾಣಕ್ಕೆ 400 ಕಿಲೋಮೀಟರಿಗೆ ಒಂದು ದಿನ, ತಂಗುವುದಕ್ಕೆ 200 ಕಿಲೋಮೀಟರಿಗೆ ಒಂದು ದಿನ. ನಮ್ಮ ಸುತ್ತು ಆರು ಸಾವಿರ ಕಿಲೋಮೀಟರ್ ಅಂದುಕೊಂಡರೂ ನಲವತ್ತೈದು ದಿನಕ್ಕೆ ಮುಗಿಯಬೇಕು. ದಾರಿಯೂ ಮೊದಲೇ ಗಟ್ಟಿಯಾಗಬೇಕು. "ರೀ, ಕಾಶಿ ನನಗೆ ಇಷ್ಟ ಆಗಿಬಿಟ್ಟರೆ ಟಿಕೆಟ್ಟು ನೋಡ್ಕೊಂಡು ಎದ್ದು ಬರ್ಬೇಕಾ?" ಅಂದೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ತಾವೇ ಪುಸ್ತಕ ತಂದು, "ಟಿಕೆಟ್ಟಿನ ಲೆಕ್ಕ ಬೇಡ, ದಿನದ ಲೆಕ್ಕ ಹಾಕೋಣ. ದಿನಕ್ಕೆ 1,200, ಎಲ್ಲಾ ಸೇರಿ" ಅಂದರು. ನಮ್ಮ ಸುತ್ತಾಟ ನಿಂತಿದ್ದೇ ಆ ಒಂದು ಮಾತಿನ ಮೇಲೆ. ಒಂದು ದಿನ ಜಾಸ್ತಿ ಆದರೆ ಮಾರನೇ ದಿನ ಸುಮ್ನೆ ಘಾಟಿನಲ್ಲಿ ಕೂತು ಸರಿ ಮಾಡಿಕೊಳ್ಳಬಹುದು, ಅಲ್ವಾ?

ರೈಲು ಯಾವಾಗಲೂ ಸ್ಲೀಪರ್. ಅವರು ಜನರಲ್ ಬೋಗಿ ಅಂದಿದ್ದರು, ರಾತ್ರಿ ಪ್ರಯಾಣಕ್ಕೆ ನಾನು ಒಪ್ಪಲಿಲ್ಲ. ಈಗ ರಿಸರ್ವೇಶನ್ 60 ದಿನ ಮುಂಚೆ ಮಾತ್ರ ತೆರೆಯುವುದರಿಂದ ವಾಪಸ್ ಟಿಕೆಟ್ಟನ್ನು ದಾರಿಯಲ್ಲೇ ಮಾಡಿಸಬೇಕಾಯಿತು. ನಮ್ಮ ವಯಸ್ಸಿನವರು ಒಂದು ವಿಷಯ ನೆನಪಿಡಿ: ಗಂಡಸರಿಗೆ 60, ಹೆಂಗಸರಿಗೆ 45 ದಾಟಿದ್ದು, ಒಂದು ಟಿಕೆಟ್ಟಿನಲ್ಲಿ ಒಬ್ಬರೋ ಇಬ್ಬರೋ ಮಾತ್ರ ಇದ್ದರೆ ಕೆಳಗಿನ ಬರ್ತಿಗೆ ಬೇರೆ ಕೋಟಾ ಇದೆ. ಜೊತೆಗೆ ಮೂರನೆಯವರನ್ನು ಸೇರಿಸಿದರೆ ಅದು ಸಿಗಲ್ಲ.

ಊಟದ ಕಡೆ ನಾನೇ ಯಜಮಾನಿ. ಮಂಡ್ಯದಿಂದಲೇ ರಾಗಿ ಹುರಿಹಿಟ್ಟು, ಅಚ್ಚು ಬೆಲ್ಲ, ಗಟ್ಟಿ ಅವಲಕ್ಕಿ, ಹುರುಳಿ ಚಟ್ನಿಪುಡಿ ಕಟ್ಟಿಕೊಂಡಿದ್ದೆ. ಹುರಿಹಿಟ್ಟಿಗೆ ಒಲೆ ಬೇಡ. ಬೆಲ್ಲ ಕರಗಿಸಿದ ಬಿಸಿ ಹಾಲಿಗೆ ಕಲಸಿದರೆ ಬೆಳಗಿನ ತಿಂಡಿ ಮುಗಿಯಿತು. ಒಂದು ಪುಟ್ಟ ರೈಸ್ ಕುಕ್ಕರ್ ಇತ್ತು. ರೂಮಿನಲ್ಲಿ ಅಡಿಗೆ ಮಾಡಬಹುದಾ ಅಂತ ಮೊದಲೇ ಕೇಳಿಬಿಡಬೇಕು, ಕದ್ದು ಮಾಡಬಾರದು. ಒಪ್ಪಿದ ಕಡೆ ಹೆಸರುಬೇಳೆ ಹಾಕಿ ಅನ್ನ, ಒಪ್ಪದ ಕಡೆ ದಿನಕ್ಕೊಂದು ಹೊತ್ತು ಹೊರಗೆ ಊಟ. ಮುದ್ದೆ ಮಾತ್ರ ಆ ಕುಕ್ಕರಿನಲ್ಲಿ ಎಷ್ಟು ತಿರುವಿದರೂ ಆಗಲಿಲ್ಲ. ಅದಕ್ಕೆ 71 ದಿನ ಕಾದೆವು.

ಉಜ್ಜಯಿನಿಯಲ್ಲಿ ಎಡವಟ್ಟಾಯಿತು. ಸ್ಟೇಷನ್ನಿನಿಂದ ಮಹಾಕಾಲನ ಗುಡಿಯ ಕಡೆಗೆ ಸುಮಾರು ಎರಡು ಕಿಲೋಮೀಟರ್. "ಇಷ್ಟಕ್ಕೆ ಆಟೊ ಯಾಕೆ?" ಅಂದರು. ಹೆಗಲಲ್ಲಿ ಬ್ಯಾಗು ಹೊತ್ತು ನಡೆದೆವು. ಮೊದಲನೇ ಲಾಡ್ಜು ದುಬಾರಿ, ಎರಡನೆಯದರಲ್ಲಿ ಚೌಕಾಸಿ ಕುದುರಲಿಲ್ಲ. ಐದನೆಯದಕ್ಕೆ ಹೋಗುವಷ್ಟರಲ್ಲಿ ನನ್ನ ಎಡಮಂಡಿ ಊದಿಕೊಂಡಿತ್ತು. ಉಳಿಸಿದ್ದು ಇನ್ನೂರು ರೂಪಾಯಿ. ಡಾಕ್ಟರು, ಔಷಧಿ, ನಾಲ್ಕು ದಿನ ಜಾಸ್ತಿ ಉಳಿದ ಬಾಡಿಗೆ ಎಲ್ಲ ಸೇರಿ ಮೂರು ಸಾವಿರ ದಾಟಿತು. ಆ ನಾಲ್ಕು ದಿನ ಅವರೇ ಅನ್ನ ಮಾಡಿದರು, ಬಟ್ಟೆ ಒಗೆದರು, ಬಿಸಿನೀರಿನ ಶಾಖ ಕೊಟ್ಟರು. ಆದರೆ ನನಗೆ ಕೋಪ ಇಳಿದಿರಲಿಲ್ಲ. ಅಲ್ಲೇ ಹೇಳಿದೆ: "ಊಟ, ಬಟ್ಟೆ, ರೂಮು ಯಾವುದರಲ್ಲಿ ಬೇಕಾದ್ರೂ ಹಿಡೀರಿ. ಮೈಗೆ ಸಂಬಂಧಪಟ್ಟಿದ್ದರಲ್ಲಿ ತೀರ್ಮಾನ ನಂದು." ಇನ್ನೊಂದೂ ಕೇಳಿದೆ. ದಿನಕ್ಕೆ ನೂರು ರೂಪಾಯಿ ನನ್ನ ಕೈಖರ್ಚಿಗೆ, ಅದಕ್ಕೆ ಲೆಕ್ಕ ಕೇಳಬಾರದು. ಎರಡಕ್ಕೂ ಒಪ್ಪಿದರು. ಹಿಡಿತದ ಮನುಷ್ಯರ ಜೊತೆ ಹೊರಡುವವರಿಗೆ ನಾನು ಇದನ್ನೇ ಹೇಳುವುದು. ಈ ಎರಡು ಮಾತು ಮನೆ ಬಿಡುವ ಮುಂಚೆಯೇ ಆಗಲಿ. ನನ್ನ ಹಾಗೆ ಮಂಡಿ ಊದುವವರೆಗೂ ಕಾಯಬೇಡಿ.

ಕಾಶಿಯಲ್ಲಿ ಹತ್ತೊಂಬತ್ತು ದಿನ ಇದ್ದೆವು. ಮೂರು ದಿನ ಜಂಗಮವಾಡಿ ಮಠದಲ್ಲಿ, ಆಮೇಲೆ ಹನುಮಾನ್ ಘಾಟಿನ ಕಡೆ ಒಂದು ಮನೆಯ ಮೇಲಿನ ಕೋಣೆಯಲ್ಲಿ. ಹದಿನಾರು ದಿನ ಅಂದಿದ್ದಕ್ಕೆ ಬಾಡಿಗೆ ತುಂಬಾ ಇಳಿಸಿದರು. ಪಕ್ಕದಲ್ಲೇ ಕರ್ನಾಟಕ ಘಾಟ್, ಮೈಸೂರು ಸಂಸ್ಥಾನದವರು ಕಟ್ಟಿಸಿದ್ದು. ಆ ಮೆಟ್ಟಿಲ ಮೇಲೆ ಕೂತರೆ ನಮ್ಮೂರ ಕಾವೇರಿ ದಡದಲ್ಲಿ ಕೂತ ಹಾಗೇ ಅನ್ನಿಸುತ್ತಿತ್ತು. ಬೆಳಗಿನ ಜಾವ ದೋಣಿಯಲ್ಲಿ ಹೋಗಬೇಕು ಅಂತ ನನಗೆ ಆಸೆ. ಅವರಿಗೆ ಅದು ದಂಡದ ಖರ್ಚು. ನಾನು ಕೈಖರ್ಚಿನ ದುಡ್ಡು ಕೂಡಿಸಿ, ಹತ್ತು ಜನ ಸೇರುವ ದೋಣಿಯಲ್ಲಿ ಒಬ್ಬಳೇ ಹೋದೆ. ಸೂರ್ಯ ಹುಟ್ಟುವಾಗ ಮೆಟ್ಟಿಲುಗಳೆಲ್ಲ ಕೆಂಪಾಗಿದ್ದವು, ಅದರ ನಡುವೆ ಮಫ್ಲರ್ ಸುತ್ತಿಕೊಂಡು ನಿಂತಿದ್ದ ಅವರು ಪುಟ್ಟದಾಗಿ ಕಾಣಿಸಿದರು. ಇಳಿದು ಬಂದಾಗ, "ಹೆಂಗಿತ್ತು?" ಅಂದರು. ಹೇಳಿದೆ. ಮೂರು ದಿನ ಬಿಟ್ಟು ಅವರೇ ಎಬ್ಬಿಸಿ ಕರೆದುಕೊಂಡು ಹೋದರು.

ಅವರನ್ನು ಜಿಪುಣ ಅನ್ನುವವರಿಗೆ ನಾನು ಅಮೃತಸರದ ಕಥೆ ಹೇಳುತ್ತೇನೆ. ಸ್ವರ್ಣಮಂದಿರದ ಲಂಗರಿನಲ್ಲಿ ಹಗಲೂ ರಾತ್ರಿ ಎಲ್ಲರಿಗೂ ಊಟ ಇದೆ, ಯಾರೂ ದುಡ್ಡು ಕೇಳಲ್ಲ. ಊಟ ಆದಮೇಲೆ ಇವರು ತೋಳು ಮಡಚಿ ತಟ್ಟೆ ತೊಳೆಯುವ ಸಾಲಿಗೆ ನಿಂತುಬಿಟ್ಟರು. ಮೂರು ಗಂಟೆ ತೊಳೆದರು. ಆಮೇಲೆ, ಹೊರಗೆ ತಿಂದಿದ್ದರೆ ಎಷ್ಟಾಗುತ್ತಿತ್ತೋ ಅಷ್ಟನ್ನು ಹುಂಡಿಗೆ ಹಾಕಿ, ಪುಸ್ತಕದಲ್ಲಿ "ಊಟ" ಅಂತ ಬರೆದರು. ಧರ್ಮಸ್ಥಳ, ಹೊರನಾಡಿನಲ್ಲೂ ಹೀಗೇ ಮಾಡಿದ್ದರಂತೆ, ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. "ಕೊಡೋ ಕಡೆ ಉಳಿಸಬಾರದು ಕಣೇ" ಅಂದರು. ಆವತ್ತು ಅವರ ಮೇಲೆ ನನಗೆ ತುಂಬಾ ಪ್ರೀತಿ ಬಂತು.

ಮುಂದಿನ ಸಲಕ್ಕೆ ಕೊಂಕಣ ರೈಲಿನ ದಾರಿ ಅಂದುಕೊಂಡಿದ್ದೇವೆ, ಗೋಕರ್ಣದಿಂದ ಶುರು. ಹೊಸ ಪುಸ್ತಕ ಆಗಲೇ ತಂದಿದ್ದಾರೆ. ಗೆರೆ ಎಳೆದು ಮೊದಲನೇ ಸಾಲಿನಲ್ಲಿ "ಆಟೊ" ಅಂತ ಬರೆದು, ಪಕ್ಕದಲ್ಲಿ ಮೊತ್ತ ಹಾಕದೆ ಖಾಲಿ ಬಿಟ್ಟಿದ್ದಾರೆ.